ಉಬ್ಬಸ ಇರುವವರ ಶಸ್ತ್ರಚಿಕಿತ್ಸೆಯಲ್ಲಿ ಎನ್‌ಟಿಜಿ: ರಕ್ತನಾಳ ಹಿಗ್ಗಿದರೆ ಶ್ವಾಸನಾಳವೂ ಹಿಗ್ಗುತ್ತದೆಯೇ?

ಕುಮಟಾದ ಔಷಧ ವ್ಯಾಪಾರಿ:

ಎಲ್ಲರಿಗೂ ನಮಸ್ಕಾರ. ನಾನು ಕುಮಟಾದಲ್ಲಿ ಹದಿನೆಂಟು ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ನನ್ನ ಆಯಿಗೆ, ಅಂದರೆ ಅಮ್ಮನಿಗೆ, ಈಗ 61 ವರ್ಷ. ನನಗೆ ಬುದ್ಧಿ ತಿಳಿದಾಗಿನಿಂದಲೂ ಅವರಿಗೆ ಉಬ್ಬಸವಿದೆ. ಮಳೆಗಾಲ ಹಿಡಿದ ಮೇಲೆ ಜೋರಾಗುತ್ತದೆ, ದೀಪಾವಳಿಯ ಹೊತ್ತಿಗೆ ಹಿಡಿತಕ್ಕೆ ಬರುತ್ತದೆ. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಇರುವ ಇನ್‌ಹೇಲರ್ ಪಂಪನ್ನು ದಿನಕ್ಕೆರಡು ಸಲ ತೆಗೆದುಕೊಳ್ಳುತ್ತಾರೆ. ಬಿಪಿಗೆಂದು ಮೊದಲು ರಾಮಿಪ್ರಿಲ್ ಬರೆದುಕೊಟ್ಟಿದ್ದರು. ಬಿಡದ ಒಣಕೆಮ್ಮು ಬಂದದ್ದರಿಂದ ಅದನ್ನು ನಿಲ್ಲಿಸಿ ಅಮ್ಲೊಡಿಪಿನ್ ಕೊಟ್ಟರು.

ಈಗ ಎರಡೂ ಹೊಳ್ಳೆಗಳಲ್ಲಿ ದುರ್ಮಾಂಸ ಬೆಳೆದು ಮೂಗು ಕಟ್ಟಿಕೊಂಡಿರುವುದರಿಂದ ದುರ್ಬೀನಿನ ಮೂಲಕ ತೆಗೆಯಬೇಕೆಂದು ಕಿವಿ-ಮೂಗು-ಗಂಟಲಿನ ವೈದ್ಯರು ಹೇಳಿದ್ದಾರೆ. ಅಷ್ಟು ಇಕ್ಕಟ್ಟಾದ ಜಾಗದಲ್ಲಿ ಒಂದೆರಡು ಹನಿ ರಕ್ತ ಬಂದರೂ ಏನೂ ಕಾಣುವುದಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಬಿಪಿಯನ್ನು ಬೇಕೆಂದೇ ಸ್ವಲ್ಪ ಇಳಿಸುತ್ತಾರಂತೆ, ಅಗತ್ಯ ಬಿದ್ದರೆ ಎನ್‌ಟಿಜಿ ಹನಿಸುತ್ತಾರಂತೆ. ಎನ್‌ಟಿಜಿ, ಅಂದರೆ ನೈಟ್ರೊಗ್ಲಿಸರಿನ್, ನಯಸ್ನಾಯುವನ್ನು ಸಡಿಲಿಸುತ್ತದೆ ಎಂದು ನಾವು ಓದಿದ್ದೇವೆ. ರಕ್ತನಾಳದ ಗೋಡೆಯಲ್ಲಿರುವುದೂ ನಯಸ್ನಾಯು, ಶ್ವಾಸನಾಳದ ಗೋಡೆಯಲ್ಲಿರುವುದೂ ನಯಸ್ನಾಯು. ಹಾಗಿದ್ದರೆ ಒಂದೇ ಔಷಧದಿಂದ ಬಿಪಿ ಇಳಿದು ಉಸಿರೂ ಹಗುರಾಗಬೇಕಲ್ಲವೇ? ಅಥವಾ ನಾನು ಎಲ್ಲೋ ತಪ್ಪು ಲೆಕ್ಕ ಹಾಕುತ್ತಿದ್ದೇನೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಕಾರವಾರದ ಅರಿವಳಿಕೆ ವೈದ್ಯೆ:

ಎನ್‌ಟಿಜಿ ಶ್ವಾಸನಾಳವನ್ನು ಬಿಗಿಯುವುದಿಲ್ಲ, ತುಸು ಸಡಿಲಿಸಲೂಬಹುದು. ಆದರೆ ಆ ಸಡಿಲಿಕೆಯನ್ನು ನೆಚ್ಚಿಕೊಂಡು ಉಬ್ಬಸದ ರೋಗಿಗೆ ಅರಿವಳಿಕೆ ಕೊಡುವಂತಿಲ್ಲ. ನಿಮ್ಮ ಲೆಕ್ಕದ ಮೊದಲ ಹೆಜ್ಜೆ ಸರಿಯಾಗಿಯೇ ಇದೆ, ಎರಡನೆಯ ಹೆಜ್ಜೆಯಲ್ಲಿ ದಾರಿ ಬೇರೆಯಾಗುತ್ತದೆ.

ಎನ್‌ಟಿಜಿ ನಮ್ಮ ಜೀವಕೋಶಗಳೊಳಗೆ ಒಡೆದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಆ ಅನಿಲ ಕೋಶದಲ್ಲಿರುವ ಒಂದು ಕಿಣ್ವವನ್ನು ಎಚ್ಚರಿಸಿ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕವನ್ನು ಹೆಚ್ಚಿಸುತ್ತದೆ, ಅದರಿಂದ ಸ್ನಾಯು ಸಡಿಲವಾಗುತ್ತದೆ. ಈ ಏರ್ಪಾಡು ರಕ್ತನಾಳದಲ್ಲೂ ಇದೆ, ಶ್ವಾಸನಾಳದಲ್ಲೂ ಇದೆ. ಆದರೆ ಎರಡೂ ಕಡೆಯ ಸ್ನಾಯುಗಳು ಅದಕ್ಕೆ ಒಂದೇ ಪ್ರಮಾಣದಲ್ಲಿ ಓಗೊಡುವುದಿಲ್ಲ. ಅಶುದ್ಧ ರಕ್ತನಾಳಗಳು, ಅಂದರೆ ಸಿರೆಗಳು, ಬಹಳ ಸಣ್ಣ ಪ್ರಮಾಣದ ಎನ್‌ಟಿಜಿಗೇ ಹಿಗ್ಗುತ್ತವೆ. ಶ್ವಾಸನಾಳದ ಸ್ನಾಯುವಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ಅಷ್ಟು ಕೊಡಹೊರಟರೆ ಶ್ವಾಸನಾಳ ಸಡಿಲವಾಗುವುದಕ್ಕೆ ಬಹಳ ಮೊದಲೇ ರಕ್ತದೊತ್ತಡ ಕುಸಿದುಹೋಗಿರುತ್ತದೆ. ರಕ್ತನಾಳ ಹಿಗ್ಗಿಸುವ ಇನ್ನೊಂದು ಔಷಧವಾದ ನೈಟ್ರೊಪ್ರುಸೈಡ್‌ಗೂ ಇದೇ ಮಾತು ಅನ್ವಯಿಸುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಎನ್‌ಟಿಜಿಯಿಂದ ಉಬ್ಬಸಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನಬಹುದಿತ್ತು. ನನಗೆ ಆತಂಕವಿರುವುದು ಬೇರೆ ಎರಡು ವಿಷಯಗಳ ಬಗ್ಗೆ.

ಶ್ವಾಸಕೋಶದ ರಕ್ತನಾಳಗಳಿಗೆ ದೇಹದ ಉಳಿದೆಲ್ಲ ರಕ್ತನಾಳಗಳಿಗಿಂತ ಭಿನ್ನವಾದ ಒಂದು ಗುಣವಿದೆ. ಬೇರೆ ಅಂಗಗಳಲ್ಲಿ ಆಮ್ಲಜನಕ ಕಡಿಮೆಯಾದರೆ ಅಲ್ಲಿನ ರಕ್ತನಾಳ ಹಿಗ್ಗುತ್ತದೆ. ಶ್ವಾಸಕೋಶದಲ್ಲಿ ಯಾವ ಭಾಗಕ್ಕೆ ಗಾಳಿ ತಲುಪುತ್ತಿಲ್ಲವೋ ಆ ಭಾಗದ ರಕ್ತನಾಳ ಕುಗ್ಗುತ್ತದೆ. ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ 1946ರಲ್ಲಿ ಬೆಕ್ಕಿನ ಶ್ವಾಸಕೋಶದಲ್ಲಿ ಇದನ್ನು ತೋರಿಸಿದರು. ನೀವು ಕುಮಟಾದವರಾದ್ದರಿಂದ ಅಘನಾಶಿನಿ ನದಿಯ ದಂಡೆಯ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳನ್ನು ನೋಡಿರುತ್ತೀರಿ. ಉಪ್ಪುನೀರು ಬೇಡವಾದ ಹೊತ್ತಿನಲ್ಲಿ ಜಂತ್ರದ ಬಾಗಿಲು ಇಳಿಸುವಂತೆ, ಗಾಳಿ ಇಲ್ಲದ ಗೂಡುಗಳತ್ತ ರಕ್ತ ವೃಥಾ ಹರಿಯದಂತೆ ಶ್ವಾಸಕೋಶ ತಾನೇ ಬಾಗಿಲು ಇಳಿಸಿಕೊಳ್ಳುತ್ತದೆ. ಉಬ್ಬಸದ ಶ್ವಾಸಕೋಶದಲ್ಲಿ ಅಲ್ಲಲ್ಲಿ ಕೊಳವೆಗಳು ಬಿಗಿದು ಕಫ ಕಟ್ಟಿರುವುದರಿಂದ ಇಂಥ ಮುಚ್ಚಿದ ಬಾಗಿಲುಗಳು ಹೆಚ್ಚಿರುತ್ತವೆ. ಎನ್‌ಟಿಜಿ ಹೋಗಿ ಅವನ್ನೆಲ್ಲ ತೆರೆದುಬಿಡುತ್ತದೆ. ರಕ್ತ ಗಾಳಿಯಿಲ್ಲದ ಗೂಡುಗಳ ಮೂಲಕ ಹಾದು ಆಮ್ಲಜನಕ ಪಡೆಯದೆಯೇ ಹೃದಯಕ್ಕೆ ಮರಳುತ್ತದೆ, ಬೆರಳಿಗೆ ಹಾಕಿದ ಆಕ್ಸಿಮೀಟರಿನ ಅಂಕಿ ಇಳಿಯತೊಡಗುತ್ತದೆ. ಶ್ವಾಸನಾಳ ಒಂದು ಎಳೆಯಷ್ಟೂ ಬಿಗಿಯದೆ ಆಮ್ಲಜನಕ ಮಾತ್ರ ಕುಸಿಯುವುದು ಹೀಗೆ. ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಅನ್ನು ನೆಬ್ಯುಲೈಸರಿನಲ್ಲಿ ಕೊಟ್ಟ ಮೊದಲ ಕೆಲವು ನಿಮಿಷಗಳಲ್ಲಿ ಕೆಲವರ ಆಮ್ಲಜನಕ ಚೂರು ಇಳಿಯುವುದಕ್ಕೂ ಇದೇ ಕಾರಣ. ಅದೂ ರಕ್ತನಾಳ ಹಿಗ್ಗಿಸುವ ಔಷಧವೇ.

ಎರಡನೆಯದು ಇದಕ್ಕಿಂತ ಗಂಭೀರ. ಅರಿವಳಿಕೆಯಲ್ಲಿರುವ ರೋಗಿಯ ಶ್ವಾಸನಾಳ ಜೋರಾಗಿ ಬಿಗಿದಾಗ ಯಂತ್ರ ಒತ್ತಿದ ಗಾಳಿ ಒಳಹೋಗುತ್ತದೆ, ಪೂರ್ತಿಯಾಗಿ ಹೊರಬರುವುದಿಲ್ಲ. ಉಸಿರಿನ ಮೇಲೆ ಉಸಿರು ಸೇರಿ ಎದೆಯೊಳಗೆ ಒತ್ತಡ ಕಟ್ಟಿಕೊಳ್ಳುತ್ತದೆ, ಅದು ಹೃದಯಕ್ಕೆ ಮರಳುವ ರಕ್ತವನ್ನು ತಡೆಯುತ್ತದೆ. ಅದೇ ಹೊತ್ತಿನಲ್ಲಿ ಎನ್‌ಟಿಜಿ ಸಿರೆಗಳನ್ನು ಹಿಗ್ಗಿಸಿ ರಕ್ತವನ್ನು ಕೈಕಾಲು, ಹೊಟ್ಟೆಗಳಲ್ಲಿ ನಿಲ್ಲಿಸಿದ್ದರೆ ಹೃದಯಕ್ಕೆ ತುಂಬಿಕೊಳ್ಳಲು ರಕ್ತವೇ ಉಳಿಯುವುದಿಲ್ಲ. ಆದ್ದರಿಂದ ಎದೆ ಬಿಗಿಯಿತೆಂದು ಅನುಮಾನ ಬಂದ ಕ್ಷಣವೇ ನಾವು ಎನ್‌ಟಿಜಿ ಪಂಪನ್ನು ನಿಲ್ಲಿಸುತ್ತೇವೆ. ಅದರ ಪರಿಣಾಮ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುವುದೇ ಅದರ ದೊಡ್ಡ ಗುಣ.

ಶಿರಸಿಯ ಓಟಿ ಶುಶ್ರೂಷಕ:

ಮೇಡಂ ಅವರ ಮಾತಿಗೆ ನನ್ನ ಕಣ್ಣಾರೆ ಕಂಡ ಪ್ರಸಂಗವೊಂದನ್ನು ಸೇರಿಸುತ್ತೇನೆ. ಹಲವು ವರ್ಷಗಳ ಹಿಂದೆ, ನಾನು ಆಗ ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ, ನಡುವಯಸ್ಸಿನ ಒಬ್ಬರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಉಬ್ಬಸ ಇದೆಯೇ ಎಂದು ಕೇಳಿದಾಗ ಅವರು ಇಲ್ಲವೆಂದಿದ್ದರು. ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಸ್ವಲ್ಪ ಹೊತ್ತಿನಲ್ಲೇ ಬಿಪಿ 180 ದಾಟಿತು, ನಾಡಿಯೂ ಓಡತೊಡಗಿತು. ಬಿಪಿ ಇಳಿಸಲು ಲ್ಯಾಬೆಟಲಾಲ್ ಕೊಟ್ಟರು. ಐದು ನಿಮಿಷವಾಗುವಷ್ಟರಲ್ಲಿ ಯಂತ್ರದ ಒತ್ತಡದ ಅಲಾರ್ಮ್ ಹೊಡೆಯತೊಡಗಿತು, ಎದೆಯಲ್ಲಿ ಸಿಳ್ಳೆಯ ಸದ್ದು, ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫಿನ ಗೆರೆ ಓರೆಯಾಗಿ ಏರುತ್ತಿತ್ತು. ಸಾಲ್ಬುಟಮಾಲ್ ಎಷ್ಟು ಹೊಡೆದರೂ ಬಗ್ಗಲಿಲ್ಲ. ಕೊನೆಗೆ ಉಸಿರಿನ ಮೂಲಕ ಕೊಡುವ ಅರಿವಳಿಕೆಯಾದ ಸೀವೊಫ್ಲುರೇನ್ ಹೆಚ್ಚಿಸಿ, ಇಪ್ರಾಟ್ರೋಪಿಯಂ, ಮೆಗ್ನೀಸಿಯಂ ಕೊಟ್ಟು ಅರ್ಧ ಗಂಟೆ ಹೆಣಗಿದ ಮೇಲೆ ಎದೆ ಬಿಟ್ಟಿತು. ರೋಗಿ ಕ್ಷೇಮವಾಗಿ ಮನೆಗೆ ಹೋದರು. ಆಮೇಲೆ ಅವರ ಹೆಂಡತಿ ಹೇಳಿದ್ದು ಇದು: "ಅವರಿಗೆ ಉಬ್ಬಸ ಗಿಬ್ಬಸ ಏನಿಲ್ಲ, ಮಳೆಗಾಲದ ಕೆಮ್ಮು ಮಾತ್ರ, ರಾತ್ರಿ ಎದ್ದು ಕುಳಿತು ಉಸಿರು ಎಳೀತಾರೆ."

ಅಂದಿನಿಂದ ನಾನು ರೋಗಿಗಳನ್ನು ಉಬ್ಬಸದ ಹೆಸರು ಹಿಡಿದು ಕೇಳುವುದಿಲ್ಲ. ಮಳೆಗಾಲದಲ್ಲಿ ರಾತ್ರಿ ಎದ್ದು ಕೂರುತ್ತೀರಾ, ಅಡಿಕೆ ಸುಲಿಯುವ ಧೂಳಿನಲ್ಲಿ ಎದೆ ಕಟ್ಟುತ್ತದೆಯೇ, ಒಗ್ಗರಣೆಯ ಘಾಟಿಗೆ ಕೆಮ್ಮು ಬರುತ್ತದೆಯೇ ಎಂದು ಕೇಳುತ್ತೇನೆ.

ಕಾರವಾರದ ಅರಿವಳಿಕೆ ವೈದ್ಯೆ:

ನಿಮ್ಮ ಪ್ರಶ್ನೆಗಳು ಬಹಳ ಚೆನ್ನಾಗಿವೆ, ನಾನೂ ಇವನ್ನು ಅಳವಡಿಸಿಕೊಳ್ಳುತ್ತೇನೆ. ಆ ಪ್ರಸಂಗದಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು.

ಲ್ಯಾಬೆಟಲಾಲ್ ರಕ್ತನಾಳವನ್ನು ಹಿಗ್ಗಿಸುತ್ತದೆ ಎಂಬುದು ನಿಜ, ಆದರೆ ಅದು ಆ ಔಷಧದ ಸಣ್ಣ ಮುಖ. ಆಲ್ಫಾ, ಬೀಟಾ ಎಂಬವು ಅಡ್ರಿನಲಿನ್ ಬಂದು ಕೂರುವ ಗ್ರಾಹಕಗಳು; ಆಲ್ಫಾ ತಡೆದರೆ ರಕ್ತನಾಳ ಹಿಗ್ಗುತ್ತದೆ. ಸಿರೆಗೆ ಚುಚ್ಚಿ ಕೊಟ್ಟಾಗ ಅದರ ಬೀಟಾ ತಡೆಯುವ ಶಕ್ತಿ ಆಲ್ಫಾ ತಡೆಯುವ ಶಕ್ತಿಗಿಂತ ಸುಮಾರು 7 ಪಟ್ಟು ಹೆಚ್ಚು. ಬೀಟಾ-1 ಹೃದಯದಲ್ಲಿರುತ್ತದೆ, ಬೀಟಾ-2 ಶ್ವಾಸನಾಳದಲ್ಲಿರುತ್ತದೆ. ಲ್ಯಾಬೆಟಲಾಲ್ ಎರಡನ್ನೂ ಭೇದವಿಲ್ಲದೆ ತಡೆಯುತ್ತದೆ. ಮನುಷ್ಯನ ಶ್ವಾಸನಾಳದ ಸ್ನಾಯುವಿಗೆ, ಅಡ್ರಿನಲಿನ್ ಬಗೆಯ ಸಂದೇಶ ತರುವ ಸಿಂಪಥೆಟಿಕ್ ನರಗಳ ನೇರ ಸಂಪರ್ಕ ಇಲ್ಲವೆನ್ನುವಷ್ಟು ಕಡಿಮೆ. ರಕ್ತದಲ್ಲಿ ಹರಿದು ಬರುವ ಅಡ್ರಿನಲಿನ್ ಬೀಟಾ-2ರ ಮೇಲೆ ಕುಳಿತು ಅದನ್ನು ಸಡಿಲವಾಗಿಡುತ್ತದೆ. ಉಬ್ಬಸದವರು ಆ ಆಧಾರವನ್ನೇ ಹಿಡಿದು ಉಸಿರಾಡುತ್ತಿರುತ್ತಾರೆ. ಅದನ್ನು ಕಿತ್ತರೆ ಶ್ವಾಸನಾಳವನ್ನು ಬಿಗಿಯುವ ವೇಗಸ್ ನರದ ಎಳೆತಕ್ಕೆ ತಡೆಯೇ ಇರುವುದಿಲ್ಲ. ಸಾಲ್ಬುಟಮಾಲ್ ಕೂಡ ಬೀಟಾ-2ರ ಮೂಲಕವೇ ಕೆಲಸ ಮಾಡಬೇಕಾದ್ದರಿಂದ ಅದಕ್ಕೆ ಕೂರಲು ಜಾಗ ಸಿಗಲಿಲ್ಲ. ಇಪ್ರಾಟ್ರೋಪಿಯಂ ವೇಗಸ್ ನರದ ಸಂದೇಶವನ್ನು ತಡೆಯಿತು, ಮೆಗ್ನೀಸಿಯಂ ಕ್ಯಾಲ್ಸಿಯಂಗೆ ಅಡ್ಡ ನಿಂತಿತು, ಸೀವೊಫ್ಲುರೇನ್ ಬೇರೆ ದಾರಿಯಿಂದ ಸ್ನಾಯುವನ್ನು ಸಡಿಲಿಸಿತು. ನಿಮ್ಮ ರೋಗಿಯನ್ನು ಉಳಿಸಿದ್ದು ಬೀಟಾ-2ರ ಹಂಗಿಲ್ಲದ ಈ ಮೂರು ದಾರಿಗಳು.

ಇನ್ನೊಂದು ಸಂಗತಿಯನ್ನು ನಾನು ಕಿರಿಯ ವೈದ್ಯರಿಗೆ ಪದೇ ಪದೇ ಹೇಳುತ್ತೇನೆ. ಟ್ಯೂಬ್ ಹಾಕಿದ ಮೇಲೆ ಅರಿವಳಿಕೆಯ ಆಳ ಸಾಲದಿದ್ದರೆ ಬಿಪಿ ಏರುತ್ತದೆ, ನಾಡಿ ಓಡುತ್ತದೆ, ಗಂಟಲಿನ ಕೆರಳಿಕೆಯಿಂದ ಶ್ವಾಸನಾಳವೂ ಬಿಗಿಯಲು ಹವಣಿಸುತ್ತಿರುತ್ತದೆ. ಮೂರಕ್ಕೂ ಬೇರು ಒಂದೇ. ಬಿಪಿಯ ಅಂಕಿಯನ್ನಷ್ಟೇ ನೋಡಿ ರಕ್ತನಾಳ ಹಿಗ್ಗಿಸುವ ಔಷಧ ಕೊಟ್ಟರೆ ಅಂಕಿ ಇಳಿಯುತ್ತದೆ, ಕೆರಳಿಕೆ ಹಾಗೆಯೇ ಉಳಿಯುತ್ತದೆ. ಮೇಲಾಗಿ ನಮಗಿದ್ದ ಎಚ್ಚರಿಕೆಯ ಗಂಟೆಯೂ ನಿಂತುಹೋಗುತ್ತದೆ. ಅಂಥ ಹೊತ್ತಿನಲ್ಲಿ ಮೊದಲು ಅರಿವಳಿಕೆಯನ್ನು ಆಳಗೊಳಿಸಬೇಕು. ಪ್ರೊಪೊಫಾಲ್, ಸೀವೊಫ್ಲುರೇನ್ ಎರಡೂ ಬಿಪಿಯನ್ನೂ ಇಳಿಸುತ್ತವೆ, ಶ್ವಾಸನಾಳವನ್ನೂ ಸಡಿಲಿಸುತ್ತವೆ. ಕುಮಟಾದವರು ಒಂದೇ ಔಷಧದಿಂದ ಎರಡೂ ಕೆಲಸ ಆಗಬೇಕಲ್ಲವೇ ಎಂದು ಕೇಳಿದ್ದರು. ಅಂಥ ಔಷಧಗಳು ಇವೆ, ಆದರೆ ಅವು ಅರಿವಳಿಕೆಯ ಡಬ್ಬಿಯಲ್ಲೇ ಇವೆ. ಡೆಸ್‌ಫ್ಲುರೇನ್ ಮಾತ್ರ ಹೆಚ್ಚು ಸಾಂದ್ರತೆಯಲ್ಲಿ ಶ್ವಾಸನಾಳವನ್ನು ಕೆರಳಿಸುವುದರಿಂದ ಉಬ್ಬಸದವರಿಗೆ ಅದನ್ನು ನಾನು ಬಳಸುವುದಿಲ್ಲ.

ಕಾರವಾರದ ಶರೀರಕ್ರಿಯಾಶಾಸ್ತ್ರದ ಅಧ್ಯಾಪಕ:

ಪ್ರಶ್ನೆ ಕೇಳಿದವರ ತರ್ಕ ನನ್ನ ವಿದ್ಯಾರ್ಥಿಗಳಿಗೂ ಪ್ರತಿವರ್ಷ ಹೊಳೆಯುತ್ತದೆ, ಆದ್ದರಿಂದ ಅದರ ಬೇರಿನ ಬಗ್ಗೆ ಸ್ವಲ್ಪ ಬರೆಯುತ್ತೇನೆ. ನೈಟ್ರೊಗ್ಲಿಸರಿನ್ ನೈಟ್ರಿಕ್ ಆಕ್ಸೈಡ್‌ನ ಮೂಲಕ ಕೆಲಸ ಮಾಡುತ್ತದೆಂದು 1977ರಲ್ಲಿ ತೋರಿಸಿದವರು ಫೆರಿಡ್ ಮುರಾದ್ ಮತ್ತು ಸಂಗಡಿಗರು. ಅವರು ಆ ದಿನಗಳಲ್ಲಿ ಬಳಸಿದ ಅಂಗಾಂಶಗಳಲ್ಲಿ ದನದ ಶ್ವಾಸನಾಳದ ಸ್ನಾಯುವೂ ಇತ್ತು ಎಂಬುದು ನಮ್ಮ ಚರ್ಚೆಗೆ ಮುಖ್ಯ. ಪ್ರಯೋಗಾಲಯದ ಪಾತ್ರೆಯಲ್ಲಿ ಆ ಸ್ನಾಯು ಸಡಿಲಗೊಂಡದ್ದು ನಿಜವೇ. ಪಾತ್ರೆಯಲ್ಲಿ ರಕ್ತದೊತ್ತಡವೆಂಬುದು ಇರುವುದಿಲ್ಲವಾದ್ದರಿಂದ ಎಷ್ಟು ಬೇಕಾದರೂ ಔಷಧ ಸುರಿಯಬಹುದು. ಮನುಷ್ಯನಿಗೆ ಹಾಗೆ ಸುರಿಯಲಾಗದು. ಮುರಾದ್, ಫರ್ಚ್‌ಗಾಟ್, ಇಗ್ನಾರೊ ಈ ಮೂವರಿಗೆ 1998ರ ನೊಬೆಲ್ ಬಂತು.

ಫರ್ಚ್‌ಗಾಟ್ ಅವರ 1980ರ ಪ್ರಯೋಗ ಇನ್ನೂ ಕುತೂಹಲಕರ. ನರಗಳು ಬಿಡುವ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ಸೋಕಿದಾಗ ಮೊಲದ ಮಹಾಧಮನಿಯ ತುಂಡು ಸಡಿಲವಾಗುತ್ತಿತ್ತು. ಒಳಪದರವನ್ನು ಉಜ್ಜಿ ತೆಗೆದರೆ ಅದೇ ತುಂಡು ಬಿಗಿಯುತ್ತಿತ್ತು. ಅಂದರೆ ಹಿಗ್ಗಿಸುವ ಕೆಲಸ ಸ್ನಾಯುವಿನದ್ದಾಗಿರಲಿಲ್ಲ. ಒಳಪದರದ ಕೋಶಗಳು ನೈಟ್ರಿಕ್ ಆಕ್ಸೈಡ್ ಮಾಡಿ ಸ್ನಾಯುವಿಗೆ ದಾಟಿಸುತ್ತಿದ್ದವು. ಶ್ವಾಸನಾಳದಲ್ಲಿ ಅಸಿಟೈಲ್‌ಕೋಲಿನ್ ಸ್ನಾಯುವಿನ ಮೇಲೆಯೇ ಕುಳಿತು ಅದನ್ನು ಬಿಗಿಯುತ್ತದೆ. ಅಲರ್ಜಿಯಲ್ಲಿ ಬಿಡುಗಡೆಯಾಗುವ ಹಿಸ್ಟಮಿನ್ ಕೂಡ ಹೀಗೆಯೇ: ರಕ್ತನಾಳ ಹಿಗ್ಗುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಮಾರ್ಫಿನ್, ಅಟ್ರಾಕ್ಯೂರಿಯಂನಂಥ ಔಷಧಗಳನ್ನು ಬೇಗ ಒತ್ತಿದಾಗ ಹಿಸ್ಟಮಿನ್ ಬಿಡುಗಡೆಯಾಗಿ ಬಿಪಿ ಇಳಿಯುವುದೂ ಎದೆ ಬಿಗಿಯುವುದೂ ಒಟ್ಟೊಟ್ಟಿಗೆ ಆಗುವುದು ಇದರಿಂದಲೇ.

ಇನ್ನು ಕ್ಯಾಲ್ಸಿಯಂ ದಾರಿ ಮುಚ್ಚುವ ಔಷಧಗಳು. ಧಮನಿಯ ಸ್ನಾಯು ಬಿಗಿಯಲು ಹೊರಗಿನಿಂದ ಎಲ್-ಬಗೆಯ ದ್ವಾರಗಳ ಮೂಲಕ ಬರುವ ಕ್ಯಾಲ್ಸಿಯಂ ಬೇಕು. ಶ್ವಾಸನಾಳದ ಸ್ನಾಯು ಬಹುಮಟ್ಟಿಗೆ ತನ್ನೊಳಗೇ ಕೂಡಿಟ್ಟ ಕ್ಯಾಲ್ಸಿಯಂ ಅನ್ನು ಬಿಡಿಸಿಕೊಂಡು ಬಿಗಿಯುತ್ತದೆ. ಹಾಗಾಗಿ ಅಮ್ಲೊಡಿಪಿನ್, ನಿಫೆಡಿಪಿನ್, ನಿಕಾರ್ಡಿಪಿನ್‌ಗಳಿಂದ ಬಿಪಿ ಇಳಿಯುತ್ತದೆ, ಉಬ್ಬಸ ಇಳಿಯುವುದಿಲ್ಲ, ಏರುವುದೂ ಇಲ್ಲ. ರಾಮಿಪ್ರಿಲ್ ಕೆಮ್ಮಿನಲ್ಲಿ ಸ್ನಾಯುವಿನ ಪಾತ್ರಕ್ಕಿಂತ ಬ್ರಾಡಿಕೈನಿನ್ ಎಂಬ ರಾಸಾಯನಿಕ ಕೂಡಿಬಿದ್ದು ನರತುದಿಗಳನ್ನು ಕೆರಳಿಸುವುದೇ ಹೆಚ್ಚು.

ಶಿರಸಿಯ ಅಡಿಕೆ ಬೆಳೆಗಾರ:

ನಾನು ವೈದ್ಯನಲ್ಲ, ತೋಟಿಗ. ಆದರೂ ಅಸಿಟೈಲ್‌ಕೋಲಿನ್ ವಿಷಯ ಓದಿದಾಗ ಒಂದು ಸಂದೇಹ ಬಂತು. ಅಡಿಕೆಯಲ್ಲಿರುವ ಅರೆಕೊಲಿನ್ ಕೂಡ ಅದೇ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ ಎಂದು ಕೇಳಿದ್ದೇನೆ. ನಮ್ಮಲ್ಲಿ ಊಟವಾದ ಮೇಲೆ ಎಲೆಯಡಿಕೆಯ ಕವಳ ಹಾಕದವರು ಕಡಿಮೆ. ನನಗೂ ಕವಳ ಹಾಕಿದ ಕೂಡಲೇ ಮೈ ಬಿಸಿಯಾಗಿ ಬೆವರುತ್ತದೆ. ಉಬ್ಬಸವಿರುವ ನನ್ನ ಭಾವನಿಗೆ ಎದೆ ಕಟ್ಟುತ್ತದೆ. ಶಸ್ತ್ರಚಿಕಿತ್ಸೆಯ ಮೊದಲು ಇದನ್ನೂ ಹೇಳಬೇಕೇ?

ಕಾರವಾರದ ಅರಿವಳಿಕೆ ವೈದ್ಯೆ:

ಖಂಡಿತ ಹೇಳಬೇಕು, ಮತ್ತು ಕೇಳದಿದ್ದರೂ ಹೇಳಬೇಕು. ಅರೆಕೊಲಿನ್ ನೀವಂದಂತೆ ಅಸಿಟೈಲ್‌ಕೋಲಿನ್ ಕೂರುವ ಮಸ್ಕರಿನಿಕ್ ಗ್ರಾಹಕಗಳನ್ನು ಪ್ರಚೋದಿಸುತ್ತದೆ. ಉಬ್ಬಸವಿರುವ ಕೆಲವರಲ್ಲಿ ಅದರಿಂದ ಶ್ವಾಸನಾಳ ಬಿಗಿಯುವುದು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿದೆ. ನಿಮ್ಮ ಭಾವನ ಅನುಭವ ಅದಕ್ಕೆ ಹೊಂದುತ್ತದೆ. ನಮಗೆ ಕವಳದ ವಿಷಯ ಬೇಕಾಗುವುದಕ್ಕೆ ಇನ್ನೊಂದು ಕಾರಣವೂ ಇದೆ: ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗಿರುತ್ತದೆ. ಅಂಥವರಿಗೆ ಟ್ಯೂಬ್ ಹಾಕುವುದು ಕಷ್ಟ, ಎರಡು ಮೂರು ಬಾರಿ ಪ್ರಯತ್ನಿಸಬೇಕಾಗುತ್ತದೆ, ಪ್ರತಿ ಪ್ರಯತ್ನವೂ ಶ್ವಾಸನಾಳವನ್ನು ಕೆರಳಿಸುತ್ತದೆ. ಮೊದಲೇ ಗೊತ್ತಿದ್ದರೆ ಬೇರೆ ಏರ್ಪಾಡು ಮಾಡಿಕೊಳ್ಳುತ್ತೇವೆ.

ಯಲ್ಲಾಪುರದ ನಿವೃತ್ತ ವೈದ್ಯ:

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಾವು 1980ರ ದಶಕದಲ್ಲಿ ಉಬ್ಬಸದವರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಹ್ಯಾಲೊಥೇನ್ ಎಂಬ ಅರಿವಳಿಕೆ ಕೊಡುತ್ತಿದ್ದೆವು, ಅಮಿನೊಫಿಲಿನ್ ಡ್ರಿಪ್ ನಡೆಸುತ್ತಿದ್ದೆವು. ಅಮಿನೊಫಿಲಿನ್ ರಕ್ತನಾಳವನ್ನೂ ಹಿಗ್ಗಿಸುತ್ತದೆ, ಶ್ವಾಸನಾಳವನ್ನೂ ಹಿಗ್ಗಿಸುತ್ತದೆ. ಈಗಲೂ ಹಳ್ಳಿಗಳಲ್ಲಿ ಅದೇ ಥಿಯೊಫಿಲಿನ್ ಗುಂಪಿನ ಡೆರಿಫಿಲಿನ್ ಇಂಜೆಕ್ಷನ್ ಎಷ್ಟೋ ಜನರ ರಾತ್ರಿಯನ್ನು ದಾಟಿಸುತ್ತಿದೆ. ಅದನ್ನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಏಕೆ ಕೈಬಿಟ್ಟಿದ್ದೀರಿ?

ಕಾರವಾರದ ಅರಿವಳಿಕೆ ವೈದ್ಯೆ:

ಹಿರಿಯರಾದ ತಮ್ಮ ಅನುಭವಕ್ಕೆ ಗೌರವಪೂರ್ವಕ ನಮಸ್ಕಾರ. ಆ ಗುಂಪಿನ ಔಷಧಗಳು ಶ್ವಾಸನಾಳವನ್ನು ಸಡಿಲಿಸುವುದು ನಿಜ, ಆದರೆ ಪರಿಣಾಮ ಕಾಣುವ ಪ್ರಮಾಣಕ್ಕೂ ಅಪಾಯ ತರುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಹ್ಯಾಲೊಥೇನ್ ಹೃದಯವನ್ನು ಅಡ್ರಿನಲಿನ್‌ಗೆ ಸೂಕ್ಷ್ಮವಾಗಿಸುತ್ತದೆ. ಅದರ ಜೊತೆಗೆ ಅಮಿನೊಫಿಲಿನ್ ಸೇರಿದರೆ ಹೃದಯದ ಲಯ ತಪ್ಪುತ್ತಿತ್ತು ಎಂಬುದು ತಮಗೂ ನೆನಪಿರಬಹುದು. ಸೀವೊಫ್ಲುರೇನ್ ಬಂದ ಮೇಲೆ, ಅದರ ಸಡಿಲಿಕೆಯ ಮೇಲೆ ಅಮಿನೊಫಿಲಿನ್ ಹೆಚ್ಚೇನನ್ನೂ ಸೇರಿಸುವುದಿಲ್ಲವಾದ್ದರಿಂದ, ನಾವು ಅದನ್ನು ಮೊದಲ ಸಾಲಿನಿಂದ ತೆಗೆದೆವು. ನಮ್ಮ ಔಷಧ ವ್ಯಾಪಾರಿಗಳಿಗೂ ಒಂದು ಮಾತು: ಡೆರಿಫಿಲಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಿಪ್ರೊಫ್ಲಾಕ್ಸಾಸಿನ್ ಜೊತೆಯಾದರೆ ಥಿಯೊಫಿಲಿನ್ ರಕ್ತದಲ್ಲಿ ಏರಿಬಿಡುತ್ತದೆ. ಚೀಟಿಯಲ್ಲಿ ಎರಡನ್ನೂ ಕಂಡರೆ ಬರೆದ ವೈದ್ಯರಿಗೆ ಒಂದು ಫೋನ್ ಮಾಡಿ.

ಹೊನ್ನಾವರದ ಹೆರಿಗೆ ವಿಭಾಗದ ದಾದಿ:

ನಮ್ಮ ವಿಭಾಗದಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಗರ್ಭಿಣಿಗೆ ಬಿಪಿ ಏರಿದರೆ ಲ್ಯಾಬೆಟಲಾಲ್ ಕೈಗೆ ಬರುವ ಮೊದಲ ಔಷಧ. ಉಬ್ಬಸವೂ ಇದ್ದರೆ ಏನು ಮಾಡಬೇಕು? ಸಿಸೇರಿಯನ್ ಆಗಿ ಗರ್ಭಕೋಶ ಗಟ್ಟಿಯಾಗದೆ ರಕ್ತ ಹೋಗತೊಡಗಿದರೆ ಯಾವ ಇಂಜೆಕ್ಷನ್ ತೆಗೆದಿಡಬೇಕು?

ಕಾರವಾರದ ಅರಿವಳಿಕೆ ವೈದ್ಯೆ:

ಸಹೋದರಿ, ಈ ಚರ್ಚೆಯಲ್ಲಿ ಅತ್ಯಂತ ತುರ್ತಿನ ಪ್ರಶ್ನೆ ನಿಮ್ಮದು. ಉಬ್ಬಸವಿರುವ ಗರ್ಭಿಣಿಗೆ ನಿಫೆಡಿಪಿನ್ ಮಾತ್ರೆ ಅಥವಾ ಹೈಡ್ರಲಜಿನ್ ಒಳ್ಳೆಯದು. ಎರಡೂ ರಕ್ತನಾಳವನ್ನು ಹಿಗ್ಗಿಸುತ್ತವೆ, ಶ್ವಾಸನಾಳದ ತಂಟೆಗೆ ಹೋಗುವುದಿಲ್ಲ. ಹೈಡ್ರಲಜಿನ್ ಕೆಲಸ ಶುರುಮಾಡಲು 10ರಿಂದ 20 ನಿಮಿಷ ಬೇಕು. ಕಾಯದೆ ಮತ್ತೆ ಮತ್ತೆ ಕೊಟ್ಟರೆ ಬಿಪಿ ಒಮ್ಮೆಲೇ ಕುಸಿದು ಮಗುವಿಗೆ ರಕ್ತ ಕಡಿಮೆಯಾಗುತ್ತದೆ. ಸೆಳವು ತಡೆಯಲು ಕೊಡುವ ಮೆಗ್ನೀಸಿಯಂ ಸಲ್ಫೇಟ್ ರಕ್ತನಾಳವನ್ನೂ ಶ್ವಾಸನಾಳವನ್ನೂ ಒಟ್ಟಿಗೆ ಸಡಿಲಿಸುವ ಅಪರೂಪದ ಔಷಧ. ತೀವ್ರ ಉಬ್ಬಸಕ್ಕೂ ನಾವು 2 ಗ್ರಾಂ ಅನ್ನು 20 ನಿಮಿಷಗಳಲ್ಲಿ ಕೊಡುತ್ತೇವೆ. ಆದರೆ ಅದು ಸ್ನಾಯು ನಿಷ್ಕ್ರಿಯಗೊಳಿಸುವ ವೆಕ್ಯುರೋನಿಯಂ, ರೊಕ್ಯುರೋನಿಯಂಗಳ ಪರಿಣಾಮವನ್ನು ಉದ್ದಗೊಳಿಸುತ್ತದೆ. ಆದ್ದರಿಂದ ಮೆಗ್ನೀಸಿಯಂ ಎಷ್ಟು ಹೋಗಿದೆ ಎಂಬುದನ್ನು ಅರಿವಳಿಕೆಯವರಿಗೆ ಬಾಯಲ್ಲಿ ಹೇಳಿ, ಕಾಗದದಲ್ಲೂ ಬರೆಯಿರಿ.

ರಕ್ತಸ್ರಾವಕ್ಕೆ ಸಂಬಂಧಿಸಿ ಒಂದನ್ನು ದಯವಿಟ್ಟು ಗೋಡೆಗೆ ಅಂಟಿಸಿಟ್ಟುಕೊಳ್ಳಿ: ಉಬ್ಬಸವಿದ್ದರೆ ಕಾರ್ಬೊಪ್ರಾಸ್ಟ್ ಕೊಡಬಾರದು. ಗರ್ಭಕೋಶವನ್ನು ಬಿಗಿಯುವ ಆ ಪ್ರೊಸ್ಟಗ್ಲಾಂಡಿನ್ ಶ್ವಾಸನಾಳವನ್ನೂ ಅಷ್ಟೇ ಬಲವಾಗಿ ಬಿಗಿಯುತ್ತದೆ. ಬಿಪಿ ಏರಿದ್ದರೆ, ರಕ್ತನಾಳವನ್ನೂ ಬಿಗಿಯುವ ಮೆಥರ್ಜಿನ್ ಕೂಡ ಬೇಡ. ಎರಡೂ ತೊಂದರೆ ಇರುವ ತಾಯಿಗೆ ಉಳಿಯುವುದು ಆಕ್ಸಿಟೋಸಿನ್, ಮಿಸೊಪ್ರೊಸ್ಟಾಲ್, ಟ್ರಾನೆಕ್ಸಾಮಿಕ್ ಆಸಿಡ್. ಆಕ್ಸಿಟೋಸಿನ್ ಕೂಡ ರಕ್ತನಾಳ ಹಿಗ್ಗಿಸುವುದರಿಂದ ಒಮ್ಮೆಲೇ ಒತ್ತದೆ ನಿಧಾನವಾಗಿ ಹನಿಸಬೇಕು. ದೊಡ್ಡ ಆಸ್ಪತ್ರೆಗೆ ಹೋಗಲು ದೇವಿಮನೆ ಘಟ್ಟವನ್ನೋ ಅರೆಬೈಲು ಘಟ್ಟವನ್ನೋ ಹತ್ತಬೇಕಾದ ನಮ್ಮ ಜಿಲ್ಲೆಯಲ್ಲಿ ಈ ತಪ್ಪನ್ನು ತಿದ್ದಿಕೊಳ್ಳಲು ಸಮಯ ಸಿಗುವುದಿಲ್ಲ.

ಕುಮಟಾದ ಔಷಧ ವ್ಯಾಪಾರಿ:

ಎಲ್ಲರಿಗೂ ಋಣಿ. ನನಗೀಗ ಎರಡೇ ಸಂದೇಹ ಉಳಿದಿವೆ. ಆಯಿಗೆ ಬಿಪಿ ಇಳಿಸಲು ಎನ್‌ಟಿಜಿ ಬೇಡವೆಂದು ವೈದ್ಯರಿಗೆ ಹೇಳಬಹುದೇ? ಮತ್ತು ಆ ದಿನ ಬೆಳಿಗ್ಗೆ ಪಂಪ್ ತೆಗೆದುಕೊಳ್ಳಬೇಕೇ?

ಕಾರವಾರದ ಅರಿವಳಿಕೆ ವೈದ್ಯೆ:

ಪಂಪನ್ನು ತಪ್ಪದೆ ತೆಗೆದುಕೊಳ್ಳಲಿ, ಓಟಿಗೆ ಹೋಗುವಾಗ ಕೈಯಲ್ಲೂ ಇರಲಿ. ಅಮ್ಲೊಡಿಪಿನ್ ಕೂಡ ಎಂದಿನಂತೆ ಒಂದು ಗುಟುಕು ನೀರಿನಲ್ಲಿ ನಡೆಯಲಿ.

ಎನ್‌ಟಿಜಿ ಬೇಡವೆಂದು ಹೇಳುವುದಕ್ಕಿಂತ ಉಬ್ಬಸದ ಪೂರ್ತಿ ವಿವರ ಹೇಳಿ, ನಿರ್ಧಾರವನ್ನು ಎದುರಿಗೆ ನಿಂತ ಅರಿವಳಿಕೆ ತಜ್ಞರಿಗೆ ಬಿಡಿ. ನನ್ನ ಅಭಿಪ್ರಾಯ ಕೇಳಿದರೆ, ದುರ್ಬೀನಿನ ಮೂಗಿನ ಶಸ್ತ್ರಚಿಕಿತ್ಸೆಗೆ ಎನ್‌ಟಿಜಿ ನನ್ನ ಮೊದಲ ಆಯ್ಕೆಯಲ್ಲ, ಮತ್ತು ಅದಕ್ಕೆ ಶ್ವಾಸಕೋಶವೊಂದೇ ಕಾರಣವಲ್ಲ. ರಕ್ತನಾಳ ಹಿಗ್ಗಿ ಬಿಪಿ ಇಳಿದಾಗ ಹೃದಯ ಅದನ್ನು ಸರಿದೂಗಿಸಲು ಬೇಗ ಬಡಿಯುತ್ತದೆ, ಮೂಗಿನ ಒಳಪದರದ ಸಣ್ಣ ಸಿರೆಗಳೂ ಹಿಗ್ಗಿಕೊಂಡಿರುತ್ತವೆ. ಅಂಕಿ ಕಡಿಮೆ ತೋರಿದರೂ ರಕ್ತ ಒಸರುವುದು ಅಷ್ಟಾಗಿ ನಿಲ್ಲುವುದಿಲ್ಲ. ಪ್ರೊಪೊಫಾಲ್ ಹನಿ, ತಲೆಯ ಕಡೆ ಮಂಚವನ್ನು ತುಸು ಎತ್ತುವುದು, ಮೂಗಿಗೆ ಅಡ್ರಿನಲಿನ್ ಅದ್ದಿದ ಹತ್ತಿಯ ಪಟ್ಟಿ, ಇವುಗಳಿಂದ ಹೆಚ್ಚಿನ ಕೆಲಸ ಆಗುತ್ತದೆ.

ನೀವು ಕೇಳದ ಒಂದನ್ನು ನಾನು ಕೇಳಲೇಬೇಕು. ಉಬ್ಬಸ ಮತ್ತು ಮೂಗಿನ ದುರ್ಮಾಂಸ ಎರಡೂ ಇರುವವರಲ್ಲಿ ಕೆಲವರಿಗೆ ಆಸ್ಪಿರಿನ್ ಮತ್ತು ಅದರ ಬಳಗದ ನೋವಿನ ಮಾತ್ರೆಗಳಿಂದ ಶ್ವಾಸನಾಳ ಭಯಂಕರವಾಗಿ ಬಿಗಿಯುತ್ತದೆ. ನಿಮ್ಮ ಆಯಿ ಎಂದಾದರೂ ಡೈಕ್ಲೊಫೆನಾಕ್, ಐಬುಪ್ರೊಫೆನ್ ತೆಗೆದುಕೊಂಡಾಗ ಎದೆ ಕಟ್ಟಿದ್ದುಂಟೇ?

ಕುಮಟಾದ ಔಷಧ ವ್ಯಾಪಾರಿ:

ಮೇಡಂ, ನಿಮ್ಮ ಪ್ರಶ್ನೆ ಓದಿ ಮನೆಗೆ ಹೋಗಿ ಆಯಿಯನ್ನು ಕೇಳಿದೆ. ನಾಲ್ಕು ವರ್ಷಗಳ ಹಿಂದೆ ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗಿದ ರಾತ್ರಿ ಉಸಿರು ಸಿಕ್ಕದೆ ನೆಬ್ಯುಲೈಸರ್ ಹಾಕಿಸಿದ್ದೆವು. ಅದನ್ನು ನಾವು ಮಳೆಗಾಲದ ತಂಡಿಯೆಂದು ತಿಳಿದಿದ್ದೆವು. ಆ ಮಾತ್ರೆಯನ್ನು ನಾನೇ ನನ್ನ ಅಂಗಡಿಯಿಂದ ತಂದುಕೊಟ್ಟಿದ್ದೆ.

ಕಾರವಾರದ ಅರಿವಳಿಕೆ ವೈದ್ಯೆ:

ಇದನ್ನು ಕೆಂಪು ಅಕ್ಷರದಲ್ಲಿ ಬರೆಸಿ. ಆಪರೇಷನ್ ನಂತರದ ನೋವಿಗೆ ಡೈಕ್ಲೊಫೆನಾಕ್ ಇಂಜೆಕ್ಷನ್ ಅಥವಾ ಕೆಟೊರೊಲಾಕ್ ಕೊಡುವುದು ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ. ಎನ್‌ಟಿಜಿಗಿಂತ ನಿಮ್ಮ ಆಯಿಗೆ ಹೆಚ್ಚಿನ ಅಪಾಯ ಅಲ್ಲಿತ್ತು.

ಕುಮಟಾದ ಔಷಧ ವ್ಯಾಪಾರಿ:

ಮೂರು ವಾರಗಳ ಮೇಲೆ ಬರೆಯುತ್ತಿದ್ದೇನೆ. ಶಸ್ತ್ರಚಿಕಿತ್ಸೆ ಕಳೆದ ಗುರುವಾರ ಆಯಿತು. ಅರಿವಳಿಕೆ ತಜ್ಞರು ಡೈಕ್ಲೊಫೆನಾಕ್ ಸಂಗತಿಯನ್ನು ಕೇಳಿದ ಕೂಡಲೇ ಕಡತದ ಮೇಲೆ ಬರೆದು, ವಾರ್ಡಿನ ದಾದಿಯರನ್ನು ಕರೆದು ಅವರ ಎದುರಿಗೇ ಓದಿಸಿದರು. ಪ್ರೊಪೊಫಾಲ್ ಮತ್ತು ಫೆಂಟನಿಲ್ ಬಳಸಿದರಂತೆ. ಎನ್‌ಟಿಜಿಯನ್ನು ಸಿರಿಂಜಿನಲ್ಲಿ ತುಂಬಿಟ್ಟುಕೊಂಡಿದ್ದರೂ ಬಳಸುವ ಅಗತ್ಯ ಬೀಳಲಿಲ್ಲ. ಟ್ಯೂಬ್ ತೆಗೆಯುವ ಮೊದಲು ನಾಲ್ಕು ಪಫ್ ಸಾಲ್ಬುಟಮಾಲ್ ಕೊಟ್ಟರು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಯಿತು. ಬಳಸಿದ ಔಷಧಗಳನ್ನೆಲ್ಲ ಬರೆದ ಅರಿವಳಿಕೆಯ ದಾಖಲೆಯ ಪ್ರತಿಯನ್ನು ಕೇಳಿ ಪಡೆದುಕೊಂಡು, ಆಯಿಯ ಪಂಪಿನ ಡಬ್ಬಿಯಲ್ಲೇ ಮಡಿಚಿಟ್ಟಿದ್ದೇನೆ.